ಬಿರುಗಾಳಿ, ಗುಳೆ ಮತ್ತು ನೆಲೆ: ಒಂದು ಬಗೆಯ ಕವಿತೆಯನ್ನು ವಿಶ್ಲೇಷಿಸುವ ಕ್ರಮ

ಬಿರುಗಾಳಿ, ವಲಸೆ ಮತ್ತು ಸಾಂಸ್ಕೃತಿಕ ನೆಲೆ ಎಂಬ ಮೂರು ವಸ್ತುಗಳನ್ನು ಒಟ್ಟಿಗೆ ಹೆಣೆದ ಕವಿತೆಗಳು ಜಗತ್ತಿನ ಹಲವು ಭಾಷೆಗಳಲ್ಲಿವೆ. ಊರು ಬಿಟ್ಟು ಬಂದವರಿಗೆ ಗಾಳಿ, ಮಳೆ, ನೆರೆಗಳು ಕೇವಲ ಹವಾಮಾನದ ಸಂಗತಿಗಳಾಗಿ ಉಳಿಯುವುದಿಲ್ಲ. ಅವು ಬಿಟ್ಟು ಬಂದ ಊರನ್ನು ನೆನಪಿಸುತ್ತವೆ. ಈಗ ನಿಂತಿರುವ ನೆಲ ಯಾರದು ಎಂದು ಕೇಳುತ್ತವೆ. ಇಂತಹ ಕವಿತೆಗಳ ರಚನೆ, ಅವುಗಳನ್ನು ಓದುವ ಕ್ರಮ ಹಾಗೂ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ಸೀಮೆಯ ಹಾಡುಗಳಿಗೆ ಈ ಕ್ರಮವನ್ನು ಅನ್ವಯಿಸುವ ಬಗೆ ಈ ಲೇಖನದ ವಿಷಯ.

ಮೂರು ವಸ್ತುಗಳು

ಬಿರುಗಾಳಿಯು ಕವಿತೆಯಲ್ಲಿ ಸಾಮಾನ್ಯವಾಗಿ ಮೂರು ಪಾತ್ರಗಳನ್ನು ವಹಿಸುತ್ತದೆ. ಮೊದಲನೆಯದು ಘಟನೆಯ ಪಾತ್ರ: ಒಂದು ನಿರ್ದಿಷ್ಟ ದಿನ, ಒಂದು ನಿರ್ದಿಷ್ಟ ಊರಿನಲ್ಲಿ ಬೀಸಿದ ಗಾಳಿಯಾಗಿ ಅದು ಬರುತ್ತದೆ. ಎರಡನೆಯದು ರೂಪಕದ ಪಾತ್ರ: ಮನಸ್ಸಿನ ತಳಮಳಕ್ಕೋ ಸಮಾಜದ ಪಲ್ಲಟಕ್ಕೋ ಅದು ಪ್ರತಿರೂಪವಾಗುತ್ತದೆ. ಮೂರನೆಯದು ವ್ಯಕ್ತಿಯ ಪಾತ್ರ: ಕವಿತೆಯ ನಿರೂಪಕರು ಗಾಳಿಯೊಡನೆ ನೇರವಾಗಿ ಮಾತನಾಡುತ್ತಾರೆ, ಅದನ್ನು ಹೆಸರು ಹಿಡಿದು ಕರೆಯುತ್ತಾರೆ, ಪ್ರಶ್ನಿಸುತ್ತಾರೆ, ಬೇಡಿಕೊಳ್ಳುತ್ತಾರೆ.

ವಲಸೆ ಎಂದರೆ ಬದುಕಿಗಾಗಿ ನೆಲೆ ಬದಲಿಸುವುದು. ಉತ್ತರ ಕರ್ನಾಟಕದಲ್ಲಿ ಇದಕ್ಕೆ ಗುಳೆ ಹೋಗುವುದು ಎನ್ನುತ್ತಾರೆ. ಕೆಲವು ತಿಂಗಳ ಮಟ್ಟಿಗೆ ಹೋಗಿ ಬರುವುದು, ವರ್ಷಗಟ್ಟಲೆ ಹೊರಗೆ ಉಳಿಯುವುದು ಮತ್ತು ಮರಳದೆ ಅಲ್ಲಿಯೇ ನೆಲೆಸುವುದು ಎಂಬ ಮೂರು ಬಗೆಗಳು ಇದರಲ್ಲಿವೆ. ಕವಿತೆಯು ಇವುಗಳಲ್ಲಿ ಯಾವುದನ್ನು ಕುರಿತದ್ದು ಎಂಬುದು ತಿಳಿಯದೆ ಅದರ ಭಾವ ಸ್ಪಷ್ಟವಾಗುವುದಿಲ್ಲ.

ಸಾಂಸ್ಕೃತಿಕ ನೆಲೆ ಎಂದರೆ ಒಂದು ಜನಸಮುದಾಯ, ಅದರ ಭಾಷೆ, ದೈವ, ಆಹಾರ ಮತ್ತು ಆಚರಣೆಗಳಿಗೆ ತಾನು ಸೇರಿದವನು ಅಥವಾ ಸೇರಿದವಳು ಎಂಬ ಭಾವ. ಇದು ಹುಟ್ಟಿದ ಊರಿಗೆ ಮಾತ್ರ ಸೀಮಿತವಲ್ಲ. ಒಬ್ಬ ವ್ಯಕ್ತಿಗೆ ಎರಡು ನೆಲೆಗಳಿರಬಹುದು. ಆ ಎರಡರ ನಡುವಿನ ಎಳೆದಾಟವೇ ಅನೇಕ ಕವಿತೆಗಳ ಮೂಲದ್ರವ್ಯ.

ಭೀಮಾ ತೀರದ ಹಿನ್ನೆಲೆ

ಮಹಾರಾಷ್ಟ್ರದ ಭೀಮಾಶಂಕರದಲ್ಲಿ ಹುಟ್ಟುವ ಭೀಮಾ ನದಿಯು ಸೊಲ್ಲಾಪುರ ಜಿಲ್ಲೆಯನ್ನು ಹಾದು ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಅಂಚಿನಲ್ಲಿ ಹರಿದು, ಮುಂದೆ ರಾಯಚೂರು ಜಿಲ್ಲೆಯ ಬಳಿ ಕೃಷ್ಣೆಯನ್ನು ಸೇರುತ್ತದೆ. ಆಳಂದ ತಾಲ್ಲೂಕಿನಲ್ಲಿ ಹರಿಯುವ ಅಮರ್ಜಾ ನದಿಯು ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಬಳಿ ಭೀಮೆಗೆ ಕೂಡುತ್ತದೆ. ಕಪ್ಪು ಎರೆಮಣ್ಣಿನ ಈ ಸೀಮೆ ತೊಗರಿಯ ಕಣಜವೆಂದು ಹೆಸರಾಗಿದೆ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ. ಮಿರಗದ ಮಳೆ ಎಂದು ರೈತರು ಕರೆಯುವ ಮೃಗಶಿರ ಮಳೆಯ ಹೊತ್ತಿಗೆ ತೊಗರಿಯ ಬಿತ್ತನೆ ಆರಂಭವಾಗುತ್ತದೆ. ಹಿಂಗಾರಿನ ಜೋಳಕ್ಕೆ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳ ಮಳೆಯೇ ಆಧಾರ.

ಕಡಲಿನಿಂದ ದೂರವಿರುವ ಈ ನೆಲಕ್ಕೆ ಎರಡು ಬಗೆಯ ಬಿರುಗಾಳಿಗಳು ಬರುತ್ತವೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಗುಡುಗು, ಸಿಡಿಲು, ಆಲಿಕಲ್ಲಿನೊಡನೆ ಬೀಸುವ ಗಾಳಿ ಒಂದು. ಬಂಗಾಳ ಕೊಲ್ಲಿಯಲ್ಲಿ ಹುಟ್ಟಿ, ಆಂಧ್ರದ ಕರಾವಳಿಯನ್ನು ದಾಟಿ, ತೆಲಂಗಾಣದ ಮೂಲಕ ಒಳನಾಡಿಗೆ ಬರುವ ವಾಯುಭಾರ ಕುಸಿತ ಇನ್ನೊಂದು. 2020ರ ಅಕ್ಟೋಬರ್ 13ರಂದು ಕಾಕಿನಾಡದ ಬಳಿ ನೆಲ ಮುಟ್ಟಿದ ಇಂತಹ ಒಂದು ವಾಯುಭಾರ ಕುಸಿತವು ಪಶ್ಚಿಮಕ್ಕೆ ಸಾಗಿ ಕಲಬುರಗಿ ಸೀಮೆಯಲ್ಲಿ ಭಾರಿ ಮಳೆ ಸುರಿಸಿತು. ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯದಿಂದಲೂ ನೀರು ಬಿಟ್ಟುದರಿಂದ ಭೀಮೆ ಉಕ್ಕಿ ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ನದಿತೀರದ ಹಳ್ಳಿಗಳು ಜಲಾವೃತವಾದವು. ಜನರನ್ನು ಕಾಳಜಿ ಕೇಂದ್ರಗಳಿಗೆ ಸ್ಥಳಾಂತರಿಸಲಾಯಿತು.

ಮಳೆಯನ್ನೇ ನೆಚ್ಚಿದ ಬೇಸಾಯ ಕೈಕೊಟ್ಟಾಗ ಇಲ್ಲಿನ ಜನ ಮುಂಬೈ, ಪುಣೆ, ಹೈದರಾಬಾದ್ ಮತ್ತು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ತಾಂಡಾಗಳ ಲಂಬಾಣಿ ಕುಟುಂಬಗಳು ಮುಕಾದಮ ಎಂಬ ಕೂಲಿ ಗುತ್ತಿಗೆದಾರನಿಂದ ಮುಂಗಡ ಹಣ ಪಡೆದು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ತೆರಳುವುದುಂಟು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಣೆಯಾದ ನಂತರ ಇಂತಹ ಸಾವಿರಾರು ಕುಟುಂಬಗಳು ಊರಿಗೆ ಮರಳಿದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ನೆರೆ ಬಂದಿತು. ಗುಳೆ, ಮರಳಿಕೆ ಮತ್ತು ಪ್ರವಾಹ ಮೂರನ್ನೂ ಒಂದೇ ವರ್ಷದಲ್ಲಿ ಕಂಡ ಸೀಮೆಯ ಓದುಗರಿಗೆ ಬಿರುಗಾಳಿಯ ಕವಿತೆಯು ಪರಿಚಿತ ಬದುಕಿನ ಸಂಗತಿಯೇ ಆಗಿದೆ.

ಒಂದು ಪ್ರಸಿದ್ಧ ನಿದರ್ಶನ

ಈ ಮೂರು ವಸ್ತುಗಳು ಅಚ್ಚುಕಟ್ಟಾಗಿ ಕೂಡಿರುವ ಆಧುನಿಕ ಕವಿತೆಗಳಲ್ಲಿ ಗ್ರೇಸ್ ನಿಕೋಲ್ಸ್ ಅವರ ‘ಹರಿಕೇನ್ ಹಿಟ್ಸ್ ಇಂಗ್ಲೆಂಡ್’ ಪ್ರಮುಖವಾದುದು. ನಿಕೋಲ್ಸ್ 1950ರಲ್ಲಿ ಗಯಾನಾದಲ್ಲಿ ಜನಿಸಿ, 1977ರಲ್ಲಿ ಬ್ರಿಟನ್ನಿಗೆ ವಲಸೆ ಬಂದವರು. 1987ರ ಅಕ್ಟೋಬರ್ 15 ಮತ್ತು 16ರ ನಡುವಣ ರಾತ್ರಿ ಇಂಗ್ಲೆಂಡಿನ ದಕ್ಷಿಣ ಭಾಗಕ್ಕೆ ಭೀಕರ ಬಿರುಗಾಳಿ ಅಪ್ಪಳಿಸಿ ಸುಮಾರು 1.5 ಕೋಟಿ ಮರಗಳು ಉರುಳಿದವು. ಅದರ ನೆನಪಿನಲ್ಲಿ ರಚಿತವಾದ ಈ ಕವಿತೆ 1996ರಲ್ಲಿ ಅವರ ‘ಸನ್‌ರಿಸ್’ ಸಂಕಲನದಲ್ಲಿ ಪ್ರಕಟವಾಯಿತು.

ಕೆರಿಬಿಯನ್ ಪ್ರದೇಶದಿಂದ ಬಂದ ಮಹಿಳೆಯೊಬ್ಬಳು ಇಂಗ್ಲೆಂಡಿನ ಮನೆಯಲ್ಲಿ ಆ ರಾತ್ರಿ ಎಚ್ಚರವಾಗಿರುತ್ತಾಳೆ. ಅವಳು ಗಾಳಿಯನ್ನು ಹೆಸರು ಹಿಡಿದು ಕರೆಯುತ್ತಾಳೆ. ಕೆರಿಬಿಯನ್ ಸೀಮೆಯ ಬಿರುಗಾಳಿಯ ದೈವ ಹುರಾಕನ್, ಪಶ್ಚಿಮ ಆಫ್ರಿಕಾದ ಯೊರುಬಾ ಜನರ ದೈವಗಳಾದ ಓಯಾ ಮತ್ತು ಶಾಂಗೊ, 1961ರ ಚಂಡಮಾರುತ ಹ್ಯಾಟಿ ಇವು ಆ ಹೆಸರುಗಳು. ಅಪರಿಚಿತ ದೇಶದಲ್ಲಿ ತನ್ನ ಬಾಲ್ಯದ ಗಾಳಿಯನ್ನು ಗುರುತಿಸಿದ ಅವಳಿಗೆ ಆ ದೇಶದ ನೆಲವೂ ತನ್ನದೇ ಎಂಬ ಅರಿವು ಕೊನೆಗೆ ಮೂಡುತ್ತದೆ. ನಾಶಕ್ಕೆ ಕಾರಣವಾದ ಗಾಳಿಯೇ ಇಲ್ಲಿ ನೆಲೆಯನ್ನು ದೊರಕಿಸಿಕೊಡುತ್ತದೆ.

ವಿಶ್ಲೇಷಣೆಯ ಐದು ಹಂತಗಳು

ಮೊದಲ ಹಂತ, ಮಾತನಾಡುವವರು ಯಾರು ಎಂಬುದನ್ನು ಗುರುತಿಸುವುದು. ನಿಕೋಲ್ಸ್ ಅವರ ಕವಿತೆ ‘ಅವಳು’ ಎಂಬ ಪ್ರಥಮ ಪುರುಷದಲ್ಲಿ ಆರಂಭವಾಗಿ ‘ನಾನು’ ಎಂಬ ಉತ್ತಮ ಪುರುಷಕ್ಕೆ ಹೊರಳುತ್ತದೆ. ಗಾಳಿಯನ್ನು ಕರೆಯುವ ಕ್ಷಣದಲ್ಲಿ ಆ ಮಹಿಳೆಗೆ ಸ್ವಂತ ದನಿ ಬರುತ್ತದೆ. ಕವಿತೆಯ ಅರ್ಥದ ಅರ್ಧ ಭಾಗ ಈ ಹೊರಳುವಿಕೆಯಲ್ಲಿಯೇ ಇದೆ.

ಎರಡನೆಯ ಹಂತ, ಮಾತು ಯಾರನ್ನು ಉದ್ದೇಶಿಸಿದೆ ಎಂಬುದನ್ನು ನೋಡುವುದು. ನಿರೂಪಕರು ಗಾಳಿಗೆ ಕೊಡುವ ಹೆಸರು ಅವರ ನೆಲೆಯನ್ನು ತೋರಿಸುತ್ತದೆ. ಹವಾಮಾನ ವರದಿಯು ವಾಯುಭಾರ ಕುಸಿತವೆಂದು ಹೇಳುವುದನ್ನು ಒಬ್ಬರು ದೈವವೆಂದು ಕರೆದರೆ, ಆ ದೈವವನ್ನು ಪೂಜಿಸಿದ ಜನ ಮತ್ತು ಊರು ಕವಿತೆಯೊಳಗೆ ಬರುತ್ತವೆ. ಊರಿನ ಹೆಸರನ್ನು ಎತ್ತದೆಯೂ ಕವಿತೆ ಊರನ್ನು ತೋರಿಸಬಲ್ಲದು.

ಮೂರನೆಯ ಹಂತ, ಪ್ರತಿಮೆಗಳ ಪಟ್ಟಿ ಮಾಡುವುದು. ಮರ, ಬೇರು, ಕತ್ತಲೆ, ನೀರು, ಹಡಗು, ಮನೆ ಇವು ಇಂತಹ ಕವಿತೆಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಪ್ರತಿಯೊಂದು ಪ್ರತಿಮೆಯೂ ಯಾವ ನೆಲದಿಂದ ಬಂದಿದೆ ಎಂದು ಗುರುತಿಸಬೇಕು. ಬಿಟ್ಟ ಊರಿನ ಪ್ರತಿಮೆಗಳೂ ಬಂದ ಊರಿನ ಪ್ರತಿಮೆಗಳೂ ಒಂದೇ ನುಡಿಯಲ್ಲಿ ಕೂಡುವ ಜಾಗವೇ ಕವಿತೆಯ ತಿರುವು.

ನಾಲ್ಕನೆಯ ಹಂತ, ರೂಪವನ್ನು ಪರಿಶೀಲಿಸುವುದು. ಸಾಲುಗಳ ಉದ್ದ, ಪ್ರಶ್ನಾರ್ಥಕಗಳು, ಪುನರಾವರ್ತನೆ ಮತ್ತು ಲಯ ಇಲ್ಲಿ ಮುಖ್ಯ. ಏರುಪೇರಾದ ಸಾಲುಗಳು ಗಾಳಿಯ ಅಸ್ಥಿರತೆಯನ್ನು ತೋರಬಹುದು. ಮರುಕಳಿಸುವ ಪಲ್ಲವಿಯು ಅಲೆದಾಟದ ನಡುವೆ ಮರಳಿ ಬರುವ ನೆಲೆಯನ್ನು ಸೂಚಿಸಬಹುದು.

ಐದನೆಯ ಹಂತ, ಸಂದರ್ಭವನ್ನು ಜೋಡಿಸುವುದು. ಕವಿಯ ಜೀವನ, ಬಿರುಗಾಳಿಯ ವರ್ಷ, ವಲಸೆಯ ಕಾರಣ ಇವು ತಿಳಿದಾಗ ಕವಿತೆಯ ಅರ್ಥ ವಿಸ್ತಾರವಾಗುತ್ತದೆ. ಆದರೆ ಸಂದರ್ಭವು ಕೊನೆಯಲ್ಲಿ ಬರಬೇಕು. ಅದನ್ನು ಮೊದಲೇ ತಂದರೆ ಓದುಗರು ಕವಿತೆಯನ್ನು ಬಿಟ್ಟು ಕವಿಯ ಜೀವನಚರಿತ್ರೆಯನ್ನು ಓದತೊಡಗುತ್ತಾರೆ.

ಕಡಕೋಳದ ತತ್ವಪದ ಪರಂಪರೆ

ಈ ಐದು ಹಂತಗಳನ್ನು ಭೀಮಾ ತೀರದ ಕಾವ್ಯಕ್ಕೆ ಅನ್ವಯಿಸಲು ತತ್ವಪದಗಳು, ಅಂದರೆ ಅನುಭಾವಿಗಳು ಕಟ್ಟಿದ ಹಾಡುಗಳು, ಉತ್ತಮ ಸಾಮಗ್ರಿ. ಕಡಕೋಳ ಮಡಿವಾಳಪ್ಪನವರು ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿ, ಅಲೆದಾಟದ ನಂತರ ಕಡಕೋಳದಲ್ಲಿ ನೆಲೆ ನಿಂತ ಅನುಭಾವಿ. ಹಿಂದೆ ಜೇವರ್ಗಿ ತಾಲ್ಲೂಕಿಗೆ ಸೇರಿದ್ದ ಕಡಕೋಳ ಈಗ ಯಡ್ರಾಮಿ ತಾಲ್ಲೂಕಿನಲ್ಲಿದೆ. ಚನ್ನೂರು ಜಲಾಲ ಸಾಹೇಬ, ಖೈನೂರು ಕೃಷ್ಣಪ್ಪ, ತೆಲಗಬಾಳ ರೇವಪ್ಪ ಮೊದಲಾದವರು ಅವರ ಶಿಷ್ಯ ಪರಂಪರೆಗೆ ಸೇರಿದವರು. ಇವರೆಲ್ಲರ ಹೆಸರಿನ ಮೊದಲಲ್ಲಿ ಊರಿದೆ. ಇವರನ್ನು ಒಂದು ಪಂಥವಾಗಿ ಕೂಡಿಸಿದ್ದು ಗುರುವಿನ ಮೇಲಿನ ನಂಬಿಕೆ. ಜಾತಿ ಮತ್ತು ಮತಗಳನ್ನು ಮೀರಿದ ನೆಲೆಯೊಂದನ್ನು ಈ ಪರಂಪರೆ ಕಟ್ಟಿತು.

ತತ್ವಪದದ ರಚನೆಯಲ್ಲಿ ಪಲ್ಲವಿ, ನುಡಿಗಳು ಮತ್ತು ಅಂಕಿತ ಎಂಬ ಮೂರು ಭಾಗಗಳಿವೆ. ಭಜನೆಯಲ್ಲಿ ಮುಖ್ಯ ಗಾಯಕರು ಏಕತಾರಿ ಮೀಟುತ್ತಾ ನುಡಿಯನ್ನು ಹಾಡುತ್ತಾರೆ. ದಮ್ಮಡಿ ಮತ್ತು ತಾಳದೊಡನೆ ಉಳಿದವರು ಪಲ್ಲವಿಯನ್ನು ಹಿಡಿಯುತ್ತಾರೆ. ಪ್ರತಿ ನುಡಿ ಮುಗಿದಾಗಲೂ ಹಾಡು ಪಲ್ಲವಿಗೆ ಮರಳುತ್ತದೆ. ಕೊನೆಯ ನುಡಿಯಲ್ಲಿ ಅಂಕಿತ ಬರುತ್ತದೆ. ಮಡಿವಾಳಪ್ಪನವರ ಅಂಕಿತದಲ್ಲಿ ಗುರು ಮಹಾಂತರ ಹೆಸರಿದೆ. ಹೀಗೆ ನಾಲ್ಕನೆಯ ಹಂತದ ರೂಪದ ಪರಿಶೀಲನೆಯೇ ಇಲ್ಲಿ ನೆಲೆಯ ಪ್ರಶ್ನೆಗೆ ಉತ್ತರ ಕೊಡುತ್ತದೆ: ಹಾಡು ಎಲ್ಲೆಲ್ಲಿ ಸುತ್ತಿದರೂ ಕಡೆಗೆ ಗುರುವಿನ ಹೆಸರಿನಲ್ಲಿ ನಿಲ್ಲುತ್ತದೆ.

ತತ್ವಪದಗಳ ಪ್ರತಿಮಾಲೋಕದಲ್ಲಿ ಗಾಳಿ ಮತ್ತು ನೀರಿಗೆ ಪ್ರಮುಖ ಸ್ಥಾನವಿದೆ. ಸಂಸಾರವು ತುಂಬಿದ ಹೊಳೆ, ಗುರು ಅಂಬಿಗ, ದೇಹವು ಕೆಲವು ದಿನಗಳ ಮಟ್ಟಿಗೆ ದೊರೆತ ಮನೆ. ಶಿಶುನಾಳ ಶರೀಫರ (1819–1889) ಪ್ರಸಿದ್ಧ ಪದವೊಂದರಲ್ಲಿ ಮಳೆಗೆ ಸೋರುವ ಮಾಳಿಗೆಯು ಅಜ್ಞಾನದಿಂದ ಶಿಥಿಲವಾದ ಬದುಕಿನ ರೂಪಕವಾಗಿದೆ. ಮಣ್ಣಿನ ಮಾಳಿಗೆಯ ಮನೆಗಳಲ್ಲಿ ವಾಸಿಸಿದ ಜನರಿಗೆ ಈ ರೂಪಕದ ಮೊದಲ ಅರ್ಥ ವಿವರಣೆಯಿಲ್ಲದೆ ತಿಳಿಯುತ್ತದೆ. ಮಳೆಗಾಲದ ರಾತ್ರಿ ಮಾಳಿಗೆ ಸೋರಿದಾಗ ಪಾತ್ರೆಗಳನ್ನಿಟ್ಟು ಕಾಯುವ ಅನುಭವದ ಮೇಲೆ ಎರಡನೆಯ ಅರ್ಥ ನಿಲ್ಲುತ್ತದೆ. ವಿಶ್ಲೇಷಣೆಯು ಮೊದಲ ಅರ್ಥವನ್ನು ಬಿಟ್ಟು ನೇರವಾಗಿ ತತ್ವಕ್ಕೆ ಹಾರಿದರೆ ಪದದ ಬಲ ಕುಗ್ಗುತ್ತದೆ.

ಜೇವರ್ಗಿಯ ಷಣ್ಮುಖಸ್ವಾಮಿಗಳು ಮಡಿವಾಳಪ್ಪನವರಿಗೂ ಶರೀಫರಿಗೂ ಹಿಂದಿನವರು. 17ನೆಯ ಶತಮಾನದ ಈ ವಚನಕಾರರು ‘ಅಖಂಡೇಶ್ವರ’ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದರು. 12ನೆಯ ಶತಮಾನದ ಶರಣರ ಮಾತಿನ ಧಾಟಿಯನ್ನು ಅವರು ಐದು ನೂರು ವರ್ಷಗಳ ನಂತರ ಭೀಮಾ ತೀರದಲ್ಲಿ ಮುಂದುವರಿಸಿದ್ದು, ಸಾಂಸ್ಕೃತಿಕ ನೆಲೆಯು ಕಾಲವನ್ನೂ ದಾಟಿ ಸಾಗುತ್ತದೆ ಎಂಬುದಕ್ಕೆ ನಿದರ್ಶನ.

ಜನಪದ ಹಾಡುಗಳಲ್ಲಿ ಮಳೆ ಮತ್ತು ಅಗಲಿಕೆ

ಗಾಳಿ ಮತ್ತು ಮಳೆಯನ್ನು ವ್ಯಕ್ತಿಯೆಂದು ಕರೆಯುವ ಪದ್ಧತಿ ಜನಪದ ಹಾಡುಗಳಲ್ಲಿ ಇನ್ನೂ ಸ್ಪಷ್ಟ. ಮಳೆ ತಡವಾದಾಗ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಗುರ್ಜಿ ಆಡುತ್ತಾರೆ. ರೊಟ್ಟಿಯ ಹಂಚಿನ ಮೇಲೆ ಸಗಣಿಯ ಗುರ್ಜಿಯನ್ನು ಮಾಡಿ, ಗರಿಕೆ ಸಿಕ್ಕಿಸಿ, ಒಬ್ಬರ ತಲೆಯ ಮೇಲೆ ಹೊರಿಸಿ ಮನೆ ಮನೆಗೆ ಕರೆದೊಯ್ಯುತ್ತಾರೆ. ಮನೆಯವರು ಗುರ್ಜಿಯ ಮೇಲೆ ನೀರು ಸುರಿದು ಜೋಳವನ್ನೋ ಹಿಟ್ಟನ್ನೋ ಕೊಡುತ್ತಾರೆ. ಕೂಡಿಬಂದ ದವಸದಿಂದ ಅಡುಗೆ ಮಾಡಿ ಎಲ್ಲರೂ ಉಣ್ಣುತ್ತಾರೆ. ಈ ಸಂದರ್ಭದ ಹಾಡುಗಳಲ್ಲಿ ಮಳೆರಾಯನು ಬರಬೇಕಾದ ಅತಿಥಿ; ಅವನನ್ನು ಕರೆಯುವುದು ಇಡೀ ಊರಿನ ಹಕ್ಕು. ಮಳೆಯನ್ನು ಒಟ್ಟಾಗಿ ಕರೆಯುವ ಕ್ರಿಯೆಯಲ್ಲಿ ಊರಿನವರು ತಾವೆಲ್ಲ ಒಂದು ನೆಲೆಗೆ ಸೇರಿದವರೆಂದು ಸಾರುತ್ತಾರೆ.

ಬೀಸುವ ಪದಗಳಲ್ಲಿ ವಲಸೆಯ ಇನ್ನೊಂದು ಮುಖವಿದೆ. ಮದುವೆಯಾಗಿ ಗಂಡನ ಮನೆಗೆ ಬಂದ ಹೆಣ್ಣಿಗೆ ತವರು ದೂರವಾಗುತ್ತದೆ. ತುಂಬಿದ ಹಳ್ಳ, ಕಾಣದ ದಾರಿ, ಕರೆಯಲು ಬಾರದ ಅಣ್ಣ ಇವು ಆ ತ್ರಿಪದಿಗಳ ಪರಿಚಿತ ಸಾಮಗ್ರಿ. ವಲಸೆಯ ಕಾವ್ಯವನ್ನು ಚರ್ಚಿಸುವವರು ದುಡಿಮೆಗಾಗಿ ಊರು ಬಿಟ್ಟ ಗಂಡಸರನ್ನು ಮಾತ್ರ ಗಮನಿಸುವುದುಂಟು. ಪ್ರತಿ ಮನೆಯ ಹೆಣ್ಣುಮಕ್ಕಳು ಅನುಭವಿಸಿದ ಈ ಸ್ಥಳಾಂತರಕ್ಕೂ ಅಷ್ಟೇ ಮಹತ್ವ ಸಲ್ಲಬೇಕು.

ಮೊಹರಂ ಸಂದರ್ಭದ ರಿವಾಯತ್ ಪದಗಳು ಈ ಸೀಮೆಯ ವಿಶಿಷ್ಟ ಸಂಪತ್ತು. ಕ್ರಿ.ಶ. 680ರಲ್ಲಿ ಇಮಾಮ್ ಹುಸೇನರು ಮದೀನಾ ಬಿಟ್ಟು ಹೊರಟು, ಕರ್ಬಲಾದ ಬಯಲಿನಲ್ಲಿ ನೀರು ದೊರೆಯದೆ ಹುತಾತ್ಮರಾದ ಕಥೆಯನ್ನು ಇವು ಕನ್ನಡದಲ್ಲಿ ಹೇಳುತ್ತವೆ. ಹೆಜ್ಜೆ ಮೇಳದೊಡನೆ ಹಿಂದೂಗಳೂ ಮುಸ್ಲಿಮರೂ ಕೂಡಿ ಇವನ್ನು ಹಾಡುತ್ತಾರೆ. ಯೂಫ್ರಟಿಸ್ ತೀರದ ದುಃಖವು ಭೀಮಾ ತೀರದ ಭಾಷೆಯಲ್ಲಿ ಹಾಡಾದಾಗ, ದೂರದ ಕಥೆಯೊಂದು ಊರಿನ ಸ್ವತ್ತಾಗುತ್ತದೆ. ಲಾಡ್ಲೆ ಮಶಾಕ್ ದರ್ಗಾ ಇರುವ ಆಳಂದದ ಸೀಮೆಯಲ್ಲಿ ಇಂತಹ ಕೂಡುಬಾಳಿಗೆ ದೀರ್ಘ ಇತಿಹಾಸವಿದೆ.

ಗಡಿಯಾಚೆಯ ಕನ್ನಡ

ಆಳಂದ ಮತ್ತು ಅಫಜಲಪುರ ತಾಲ್ಲೂಕುಗಳ ಪಶ್ಚಿಮಕ್ಕೆ ಮಹಾರಾಷ್ಟ್ರದ ಅಕ್ಕಲಕೋಟೆ ಮತ್ತು ಸೊಲ್ಲಾಪುರಗಳಿವೆ. 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಯಾದಾಗ ಹೈದರಾಬಾದ್ ರಾಜ್ಯದಲ್ಲಿದ್ದ ಕಲಬುರಗಿ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಅಕ್ಕಲಕೋಟೆ ಮತ್ತು ಸೊಲ್ಲಾಪುರದ ಕನ್ನಡಿಗರು ಗಡಿಯಾಚೆ ಉಳಿದರು. ಇಲ್ಲಿ ಜನ ಕದಲದೆಯೂ ಅವರ ನೆಲೆಯ ಪ್ರಶ್ನೆ ಹುಟ್ಟಿತು.

ಈ ಗಡಿಯಲ್ಲಿ ಕನ್ನಡ ಕಾವ್ಯ ಬಲವಾಗಿ ಬೆಳೆದಿದೆ. ಮನೆಮಾತು ಮರಾಠಿಯಾಗಿದ್ದ ದ.ರಾ. ಬೇಂದ್ರೆಯವರು ಧಾರವಾಡದಿಂದ ಬಂದು 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದರು. ಶ್ರಾವಣವನ್ನು ಊರಿಗೆ ಬರುವ ವ್ಯಕ್ತಿಯಂತೆ ಕಂಡ ಅವರ ಕವಿತೆಗಳು ಮಳೆಗಾಲದ ಕಾವ್ಯಕ್ಕೆ ಹೊಸ ಲಯ ತಂದವು. ಸೊಲ್ಲಾಪುರದಲ್ಲಿಯೇ ಹುಟ್ಟಿದ ಜಯದೇವಿತಾಯಿ ಲಿಗಾಡೆಯವರು ಸೊನ್ನಲಿಗೆಯ (ಇಂದಿನ ಸೊಲ್ಲಾಪುರ) ಶರಣ ಸಿದ್ಧರಾಮರನ್ನು ಕುರಿತು ‘ಸಿದ್ಧರಾಮ ಪುರಾಣ’ವನ್ನು ರಚಿಸಿದರು. 1974ರಲ್ಲಿ ಮಂಡ್ಯದಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿ, ಆ ಸ್ಥಾನಕ್ಕೇರಿದ ಮೊದಲ ಮಹಿಳೆಯೂ ಆದರು. ಸಾಂಸ್ಕೃತಿಕ ನೆಲೆಯು ಆಡಳಿತದ ನಕ್ಷೆಗಿಂತ ವಿಸ್ತಾರವಾದುದು ಎಂಬುದನ್ನು ಈ ಇಬ್ಬರ ಬದುಕು ಸ್ಪಷ್ಟಪಡಿಸುತ್ತದೆ.

ಎರಡು ದಿಕ್ಕುಗಳು

ನಿಕೋಲ್ಸ್ ಅವರ ಕವಿತೆಗೂ ಭೀಮಾ ತೀರದ ಅನುಭವಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಅಲ್ಲಿ ವಲಸೆ ಮೊದಲು, ಬಿರುಗಾಳಿ ಅನಂತರ. ಬಾಲ್ಯದ ಗಾಳಿ ವಲಸೆ ಬಂದವಳನ್ನು ಹುಡುಕಿಕೊಂಡು ಬರುತ್ತದೆ. ಇಲ್ಲಿ ಬರ ಮತ್ತು ನೆರೆಗಳು ಮೊದಲು, ಗುಳೆ ಅನಂತರ. ಪ್ರಕೃತಿಯ ಏರುಪೇರು ಜನರನ್ನು ಊರಿನಿಂದ ಹೊರಡಿಸುತ್ತದೆ. ಆದ್ದರಿಂದ ಅಲ್ಲಿನ ಬಿರುಗಾಳಿ ನೆನಪನ್ನು ಮರಳಿಸುವ ಬಂಧು. ಇಲ್ಲಿನ ಮಳೆ ಬಾರದಿದ್ದರೂ ಅತಿಯಾಗಿ ಬಂದರೂ ಬದುಕನ್ನು ಕದಲಿಸುವ ಶಕ್ತಿ. ಆದರೂ ಎರಡೂ ಕಡೆ ಜನ ಅದನ್ನು ಶತ್ರುವೆಂದು ದೂರವಿಡದೆ ಹೆಸರು ಹಿಡಿದು ಮಾತನಾಡಿಸುತ್ತಾರೆ. ಈ ಸಂಬೋಧನೆಯೇ ನೆಲೆಯ ಮೊದಲ ಕುರುಹು. ಒಂದು ನೆಲದ ಗಾಳಿಯನ್ನು ಮಾತನಾಡಿಸಬಲ್ಲವರು ಆ ನೆಲಕ್ಕೆ ಸೇರಿದವರು.

ವಿಶ್ಲೇಷಣೆಯಲ್ಲಿ ಬರುವ ದೋಷಗಳು

ಇಂತಹ ಕವಿತೆಗಳ ಓದಿನಲ್ಲಿ ಮೂರು ದೋಷಗಳು ಸಾಮಾನ್ಯ. ಬಿರುಗಾಳಿಯನ್ನು ಕೇವಲ ರೂಪಕವೆಂದು ತಿಳಿದು, ಅದು ಕೆಡವಿದ ಮನೆಗಳನ್ನೂ ಕೊಚ್ಚಿದ ಬೆಳೆಯನ್ನೂ ಮರೆಯುವುದು ಮೊದಲನೆಯದು. ವಲಸೆಯ ಕವಿತೆಯೆಲ್ಲವೂ ದುಃಖದ ಕವಿತೆ ಎಂದು ಮೊದಲೇ ತೀರ್ಮಾನಿಸುವುದು ಎರಡನೆಯದು. ಅನೇಕ ಕವಿತೆಗಳಲ್ಲಿ ಹೊಸ ನೆಲೆಯನ್ನು ಕಂಡುಕೊಂಡ ಸಂತೋಷವೂ ಇದೆ. ಹಾಡನ್ನು ಮುದ್ರಿತ ಪಠ್ಯವಾಗಿ ಮಾತ್ರ ಓದುವುದು ಮೂರನೆಯದು. ತತ್ವಪದ ಮತ್ತು ರಿವಾಯತ್ ಪದಗಳ ಅರ್ಥದಲ್ಲಿ ಮೇಳ, ತಾಳ ಮತ್ತು ಹಾಡುವ ಸ್ಥಳ ಇವೂ ಪಾಲು ಪಡೆದಿವೆ.

ಉಪಯೋಗ

ಪದವಿಪೂರ್ವ ಮತ್ತು ಪದವಿ ತರಗತಿಗಳಲ್ಲಿ ಕವಿತೆಯ ರಸಗ್ರಹಣಕ್ಕೆ ಈ ಐದು ಹಂತಗಳು ನೆರವಾಗುತ್ತವೆ. ತೌಲನಿಕ ಅಧ್ಯಯನದಲ್ಲಿ ಒಂದು ಇಂಗ್ಲಿಷ್ ಕವಿತೆಯನ್ನೂ ಒಂದು ತತ್ವಪದವನ್ನೂ ಎದುರು ಬದುರಿಟ್ಟು ಓದಲು ಇವು ಸಮಾನ ಅಳತೆಗೋಲನ್ನು ಒದಗಿಸುತ್ತವೆ. ಬೆಂಗಳೂರಿನ ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರವು ತತ್ವಪದಗಳ ಸಮಗ್ರ ಸಂಪುಟಗಳನ್ನು ಪ್ರಕಟಿಸಿರುವುದರಿಂದ ಅಧ್ಯಯನಕ್ಕೆ ಬೇಕಾದ ಪಠ್ಯಗಳು ಈಗ ಸುಲಭವಾಗಿ ದೊರೆಯುತ್ತವೆ. 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯವೂ 2009ರಲ್ಲಿ ಆರಂಭವಾಗಿ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ನೆಲೆಗೊಂಡಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವೂ ಇದೇ ಜಿಲ್ಲೆಯಲ್ಲಿದ್ದು, ಇಂತಹ ಅಧ್ಯಯನಕ್ಕೆ ಹತ್ತಿರದ ನೆಲೆಗಳಾಗಬಲ್ಲವು.

ಮುದ್ರಣಕ್ಕೆ ಬಾರದ ಹಾಡುಗಳು ಇನ್ನೂ ಬಹಳಷ್ಟಿವೆ. ನೆರೆಯನ್ನು ಕಂಡ ಹಿರಿಯರು, ಕಬ್ಬಿನ ಗದ್ದೆಗಳಿಗೆ ಹೋಗಿ ಬಂದ ತಾಂಡಾದ ಮಹಿಳೆಯರು, ಮೊಹರಂ ಮೇಳದ ಹಾಡುಗಾರರು ಅವುಗಳನ್ನು ನೆನಪಿನಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಈ ಸೀಮೆಯ ವಿದ್ಯಾರ್ಥಿಗಳು ತಮ್ಮ ಮನೆಯ ಹಿರಿಯರಿಂದ ಒಂದೊಂದು ಹಾಡನ್ನಾದರೂ ಕೇಳಿ, ಹಾಡಿದವರ ಹೆಸರು, ಊರು ಮತ್ತು ಸಂದರ್ಭಗಳೊಡನೆ ಬರೆದಿಡಬೇಕು. ವಿಶ್ಲೇಷಣೆಯ ಕೆಲಸ ಅಲ್ಲಿಂದಲೇ ಆರಂಭವಾಗುತ್ತದೆ.